ಎತ್ತುವ ಮೊದಲು ನೆಲ ನೋಡಿ

ಅಹಮದಾಬಾದಿನ ಪೋಳ್ ಎಂಬ ಹಳೆಯ ವಠಾರಗಳಲ್ಲಿ, ವಡೋದರಾದ ಸೊಸೈಟಿಗಳ ಪಾರ್ಕಿಂಗ್‌ನಲ್ಲಿ, ಸೂರತ್ತಿನ ಅಪಾರ್ಟ್‌ಮೆಂಟುಗಳ ಮೆಟ್ಟಿಲ ಕೆಳಗೆ ಬೀದಿಬೆಕ್ಕುಗಳು ಮರಿ ಹಾಕುತ್ತವೆ. ಅಪರೂಪಕ್ಕೆ ಅವುಗಳಲ್ಲೊಂದು ನಡೆಯಲು ಕಲಿಯುವ ಹೊತ್ತಿಗೆ ತೂರಾಡುತ್ತದೆ. ಕಾಲು ಅಗಲಿಸಿ ನಿಲ್ಲುತ್ತದೆ; ಬಟ್ಟಲಿಗೆ ಬಾಯಿ ಹಾಕಲು ಹೋದರೆ ತಲೆ ನಡುಗುತ್ತದೆ, ಮಲಗಿದರೆ ನಡುಕ ನಿಲ್ಲುತ್ತದೆ. ಲಕ್ವ ಹೊಡೆದಿದೆ ಎನ್ನುವವರುಂಟು, ಯಾರೋ ಒದ್ದಿರಬೇಕು ಎನ್ನುವವರುಂಟು. ಆದರೆ ತಾಯಿ ಬಸಿರಿದ್ದಾಗ ಪ್ಯಾನ್‌ಲ್ಯುಕೋಪೀನಿಯಾ ವೈರಸ್ ತಗಲಿದ್ದರೆ ಮರಿಯ ಕಿರುಮೆದುಳು ಪೂರ್ತಿ ಬೆಳೆದಿರುವುದಿಲ್ಲ. ಹೆಜ್ಜೆಯ ಅಳತೆ, ಮೈಯ ಸಮತೋಲ ಎರಡನ್ನೂ ನೋಡಿಕೊಳ್ಳುವ ಭಾಗ ಅದು.

ಇದಕ್ಕೆ ಮದ್ದಿಲ್ಲ. ಆದರೆ ಇದರಿಂದ ನೋವೂ ಇಲ್ಲ, ವಯಸ್ಸಾದಂತೆ ಇದು ಹೆಚ್ಚುವುದೂ ಇಲ್ಲ. ತೊಂದರೆ ಸೌಮ್ಯವಾಗಿದ್ದರೆ ಮರಿ ಉಳಿದ ಬೆಕ್ಕುಗಳಷ್ಟೇ ಕಾಲ ಬದುಕುತ್ತದೆ.

ಇಂಥ ಮರಿಯನ್ನು ಮನೆಗೆ ತಂದವರು ಮೊದಲು ರೂಢಿಸಿಕೊಳ್ಳಬೇಕಾದದ್ದು ಬಿದ್ದಾಗಲೆಲ್ಲ ಓಡಿಹೋಗಿ ಎತ್ತದಿರುವುದನ್ನು. ಎದೆ ಚುರುಕ್ ಎನ್ನುತ್ತದೆ, ಕೈ ತಾನಾಗಿ ಮುಂದೆ ಹೋಗುತ್ತದೆ, ನಿಜ. ಆದರೆ ಯಾವ ಗೋಡೆಗೆ ಒರಗಿ ನಡೆಯಬೇಕು, ಹೇಗೆ ಕೂತರೆ ತುತ್ತು ಬಾಯಿಗೆ ಸಿಗುತ್ತದೆ ಎಂಬುದನ್ನು ಅದು ಬಿದ್ದು ಎದ್ದೇ ಕಲಿಯಬೇಕು. ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವ ಅಪ್ಪನ ಅಂಗಿಗೆ ನಾವೇ ಗುಂಡಿ ಹಾಕಿಬಿಡುತ್ತೇವಲ್ಲ, ಅಲ್ಲೂ ಇದೇ ಅವಸರ. ಅವರ ಬೆರಳಿಗೆ ಸಿಗಬೇಕಾದ ಕೆಲಸ ನಮ್ಮ ಪ್ರೀತಿಯಿಂದಲೇ ತಪ್ಪಿಹೋಗುತ್ತದೆ. ನಿಲ್ಲಲೂ ಆಗದ, ತಾನಾಗಿ ತಿನ್ನಲೂ ಆಗದ ಮರಿಯ ಮಾತು ಬೇರೆ. ಅದಕ್ಕೆ ಕೈತುತ್ತೇ ಬೇಕು.

ಸುಮ್ಮನೆ ನೋಡುತ್ತ ಕೂರಿ ಎಂದು ಹೇಳುತ್ತಿಲ್ಲ. ಎತ್ತಲು ಚಾಚಿದ ಕೈಗೆ ನೆಲದಲ್ಲಿ ಬೇಕಾದಷ್ಟು ಕೆಲಸವಿದೆ. ಗುಜರಾತಿನ ಫ್ಲ್ಯಾಟುಗಳಲ್ಲಿ ಮೊರ್ಬಿಯ ನುಣುಪಾದ ವಿಟ್ರಿಫೈಡ್ ಟೈಲ್ಸ್ ಸಾಮಾನ್ಯ. ಕಾಲು ಗಟ್ಟಿಯಿರುವ ಬೆಕ್ಕೇ ಅಲ್ಲಿ ಜಾರುತ್ತದೆ. ಮರಿ ಓಡಾಡುವ ದಾರಿಯುದ್ದಕ್ಕೂ ನಾರಿನ ಮ್ಯಾಟ್ ಹಾಸಿ, ಅಂಚು ಮೇಲೇಳದಂತೆ ಟೇಪ್ ಅಂಟಿಸಿ. ಊರಿ ನಿಲ್ಲಲು ಅದಕ್ಕೆ ಉಗುರೇ ಆಧಾರ, ಪೂರ್ತಿ ಕತ್ತರಿಸಬೇಡಿ. ಬಟ್ಟಲು ಭಾರವಾಗಿರಲಿ, ತುಸು ಎತ್ತರದಲ್ಲಿರಲಿ. ಲಿಟರ್ ಟ್ರೇ ಒಳಹೋಗುವ ಕಡೆ ಗಿಡ್ಡವಾಗಿ, ಉಳಿದ ಬದಿಗಳಲ್ಲಿ ಒರಗಲು ಬರುವಷ್ಟು ಎತ್ತರವಾಗಿರಬೇಕು. ಬಾಲ್ಕನಿಗೆ ಬಲೆ ಕಟ್ಟುವುದನ್ನು ನಾಳೆಗೆ ಇಡಲೇಬೇಡಿ.

ಊರಿನ ಋತುಗಳನ್ನೂ ಗಮನಿಸಬೇಕು. 2016ರ ಮೇ 20ರಂದು ಅಹಮದಾಬಾದಿನ ತಾಪಮಾನ 48 ಡಿಗ್ರಿ ಮುಟ್ಟಿತ್ತು. ತೂರಾಡುವ ಮರಿ ನೀರನ್ನು ಚೆಲ್ಲಿಕೊಳ್ಳುವುದೇ ಹೆಚ್ಚು. ಬೆಳಗ್ಗೆ ತುಂಬಿಟ್ಟೆ ಎಂಬ ನೆಮ್ಮದಿಯಲ್ಲಿ ಮಧ್ಯಾಹ್ನ ಕಳೆಯಬಾರದು. ಇನ್ನೊಂದು ಬಟ್ಟಲನ್ನೂ ಇಟ್ಟು, ಆಗಾಗ ಹೋಗಿ ನೋಡಿ. ಜನವರಿಯ ಉತ್ತರಾಯಣದಲ್ಲಿ ಗಾಳಿಪಟದ ದಾರದ ತುಂಡುಗಳು ಅಂಗಳಕ್ಕೆ, ಬಾಲ್ಕನಿಗೆ ಬಂದು ಬೀಳುತ್ತವೆ. ಬೆಕ್ಕು ದಾರ ನುಂಗಿದರೆ ಕರುಳೇ ಕತ್ತರಿಸಿಹೋಗಬಹುದು. ಹಬ್ಬ ಮುಗಿದ ಮೇಲೂ ಕೆಲವು ದಿನ ನೆಲ ಗುಡಿಸಿ, ಹುಡುಕಿ ತೆಗೆಯಬೇಕು.

ಗುಜರಾತಿನ ಪಾಂಜ್ರಾಪೋಳ್ ಎಂಬ ಪ್ರಾಣಿ ಆಶ್ರಯತಾಣಗಳು ಹಾಲು ಕೊಡದ, ಹೊಲ ಉಳದ, ಕುಂಟುವ ದನಗಳನ್ನೂ ಸಾಕುತ್ತವೆ. ಪ್ರಾಣಿಯಿಂದ ಏನು ಲಾಭ ಎಂದು ಕೇಳದ ಆ ಪರಂಪರೆಯ ಬಗ್ಗೆ ನನಗೆ ಅಪಾರ ಗೌರವ. ಅದೇ ದಯೆ ಒಂದು ಫ್ಲ್ಯಾಟಿನೊಳಗೆ ಉಳಿಯಬೇಕಾದರೆ ಒದ್ದೆಯಾದ ಮ್ಯಾಟನ್ನು ದಿನವೂ ಬದಲಾಯಿಸುವಷ್ಟು ಶಿಸ್ತು ಬೇಕು. ಬೇಸರ ಬಂದ ದಿನವೂ ಆ ಕೆಲಸ ನಡೆಯಬೇಕು.

ವಾರಕ್ಕೊಮ್ಮೆ ಒಂದೇ ಜಾಗದಲ್ಲಿ ಮರಿ ನಡೆಯುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಡಿ. ದಿನವೂ ನೋಡುವ ಕಣ್ಣಿಗೆ ಸಣ್ಣ ಬದಲಾವಣೆ ಕಾಣುವುದಿಲ್ಲ. ನಡುಕ ಹೆಚ್ಚುತ್ತ ಹೋದರೆ ಅದು ಬೇರೆ ಕಾಯಿಲೆ. ಕೂಡಲೇ ಪಶುವೈದ್ಯರಿಗೆ ತೋರಿಸಿ. ಅಹಮದಾಬಾದ್, ವಡೋದರಾಗಳ ನಡುವಿನ ಆಣಂದ್‌ನಲ್ಲಿ ಪಶುವೈದ್ಯ ಕಾಲೇಜೇ ಇದೆ. ಬೀದಿಯ ಪ್ರಾಣಿಗೆ ಪೆಟ್ಟಾಗಿದ್ದರೆ 1962ಕ್ಕೆ ಕರೆ ಮಾಡಿದರೆ ಕರುಣಾ ಆಂಬುಲೆನ್ಸ್ ಬರುತ್ತದೆ.

ಮರಿ ಸಿಕ್ಕ ಜಾಗಕ್ಕೆ ಮತ್ತೆ ಹೋಗಿ ತಾಯಿಬೆಕ್ಕನ್ನೂ ಹುಡುಕಿ. ಅದಕ್ಕೆ ಲಸಿಕೆ, ಸಂತಾನಹರಣ ಶಸ್ತ್ರಚಿಕಿತ್ಸೆ ಎರಡೂ ಆಗಬೇಕು. ಮತ್ತೆ ಬಸಿರಾಗಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಪ್ಯಾನ್‌ಲ್ಯುಕೋಪೀನಿಯಾದ ಜೀವಂತ ಲಸಿಕೆಯನ್ನು ಆಗ ಹಾಕಿದರೆ ಹೊಟ್ಟೆಯಲ್ಲಿರುವ ಮರಿಗಳ ಕಿರುಮೆದುಳಿಗೂ ಅದೇ ಹಾನಿ ಆಗಬಹುದು.