ರಜೆಯ ವಾರವೂ ಮನೆಯ ಕಾಯಕವೂ

ಉದ್ಯೋಗದಲ್ಲಿರುವ ಗೃಹಸ್ಥನಿಗೆ ವರ್ಷದಲ್ಲೊಮ್ಮೆ ಒಂದು ವಾರದ ಬಿಡುವು ದೊರೆತರೆ ಅದನ್ನು ಯಾವುದಕ್ಕೆ ವಿನಿಯೋಗಿಸಬೇಕು? ಯಾತ್ರೆಗೆ ಹೋಗುವವರುಂಟು, ನೆಂಟರ ಊರಿಗೆ ಹೋಗುವವರುಂಟು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯಲ್ಲಿ ಮುಂಗಾರಿಗೆ ಮೊದಲೋ ದೀಪಾವಳಿಯ ಮುನ್ನವೋ ರಜೆ ಪಡೆದು, ಹೆಂಡಿರು ಮಕ್ಕಳೊಡಗೂಡಿ ಮನೆಯನ್ನೇ ಸರಿಪಡಿಸಿಕೊಳ್ಳುವವರೂ ಉಂಟು. ಗೋಡೆಗೆ ಸುಣ್ಣ ಬಳಿಯುವುದು, ಸೋರುವ ಸೂರನ್ನು ಮುಚ್ಚುವುದು, ಕಿತ್ತುಹೋದ ನೆಲಕ್ಕೆ ಗಾರೆ ಮೆತ್ತುವುದು. ಈ ದುಡಿಮೆಗೆ ಕೂಲಿಯಿಲ್ಲ, ಹಾಜರಿ ಪುಸ್ತಕವಿಲ್ಲ. ಇದನ್ನು ಕಾಯಕವೆನ್ನಬಹುದೆ, ಅಥವಾ ಇದು ಮನೆಯ ಮೇಲಣ ಮೋಹವೇ ಎಂಬುದು ವಿಚಾರಿಸತಕ್ಕ ವಿಷಯ.

ಮೋಹವೆನ್ನುವವರ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ದೇಹವನ್ನೇ ದೇಗುಲವೆಂದು ಕಂಡ ಬಸವಣ್ಣನವರ ಮಾರ್ಗದಲ್ಲಿ ಕಲ್ಲು ಮಣ್ಣುಗಳಿಗೆ ಅಷ್ಟೊಂದು ಆದರವೇಕೆ? ಆದರೆ ಅಂತರಂಗದಲ್ಲಿ ಒಡೆಯನಿರುವನೋ ಇಲ್ಲವೋ ಎಂದು ಶೋಧಿಸುವಾಗ ಅವರು ಆಯ್ದುಕೊಂಡ ದೃಷ್ಟಾಂತವಾದರೂ ಯಾವುದು? ನೋಡಿಕೊಳ್ಳುವವರಿಲ್ಲದೆ ಹಾಳುಬಿದ್ದ ಮನೆ. ಮನೆಯ ಅಚ್ಚುಕಟ್ಟು ಮನೆಯವರ ಎಚ್ಚರದ ಗುರುತೆಂದು ಒಪ್ಪಿದಲ್ಲದೆ ಈ ದೃಷ್ಟಾಂತವು ನಿಲ್ಲದು.

ಈ ಎಚ್ಚರವನ್ನು ನಮ್ಮ ಬಯಲುಸೀಮೆಯ ಹಿರಿಯರು ಮಾಳಿಗೆಮನೆಯಿಂದಲೇ ಕಲಿತರು. ತೊಲೆ ಜಂತೆಗಳ ಮೇಲೆ ಕಡ್ಡಿ ಸೊಪ್ಪುಗಳನ್ನು ಹಾಸಿ, ಮಣ್ಣು ಮೆತ್ತಿ, ಮೇಲೆ ಚೌಳುಮಣ್ಣನ್ನು ಹರಡಿದರೆ ಮಾಳಿಗೆ ಸಿದ್ಧವಾಯಿತು. ಲವಣಾಂಶವುಳ್ಳ ಈ ಮಣ್ಣು ನೆನೆದೊಡನೆ ನುಣ್ಣಗೆ ಕದಡಿ ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ; ಅದರಲ್ಲಿ ಹುಲ್ಲೂ ಸುಲಭವಾಗಿ ಹುಟ್ಟದು. ಆದರೆ ಮಳೆಗಾಲ ಕಳೆದಂತೆ ಅದು ಕೊಚ್ಚಿ ತೆಳುವಾಗುವುದರಿಂದ ಮತ್ತೆ ಮತ್ತೆ ಹೊಸದಾಗಿ ಹಾಕಲೇಬೇಕು. ಮಣ್ಣು ಅಗೆಯುವವನೊಬ್ಬ, ಬುಟ್ಟಿ ಹೊರುವವಳೊಬ್ಬಳು, ಏಣಿಯ ಮೇಲೆ ನಿಂತು ಕೈಗೆ ಕೈ ದಾಟಿಸುವ ಹುಡುಗರಿಬ್ಬರು. ಒಬ್ಬನಿಂದಾಗುವ ಕೆಲಸವಲ್ಲ ಅದು. ಮಳೆ ಕಡಿಮೆಯ ಜಿಲ್ಲೆಯೆಂದು ಉದಾಸೀನ ಮಾಡುವಂತಿಲ್ಲ. 1933ರ ಬಳಿಕ ಕೋಡಿಬೀಳದಿದ್ದ ಹಿರಿಯೂರಿನ ವಾಣಿವಿಲಾಸ ಸಾಗರವು 2022ರಲ್ಲಿ ಕೋಡಿ ಹರಿಯಿತಲ್ಲವೆ? ಅಂಥ ಮಳೆಗಾಲವು ಮೊದಲು ಪರೀಕ್ಷಿಸುವುದು ಸೂರನ್ನೇ. ಈಗ ಕಾಂಕ್ರೀಟಿನ ತಾರಸಿ ಬಂದು ಬುಟ್ಟಿಯ ಸಾಲು ಅಪರೂಪವಾಯಿತು. ತಾರಸಿಯೂ ಬಿರುಕುಬಿಡುತ್ತದೆಂಬುದು ಬೇರೆ ಮಾತು.

ಇನ್ನು ಮುಖ್ಯವಾದ ಮಾತಿಗೆ ಬರೋಣ. ಸರ್ಕಾರಿ ನೌಕರನ ಲೆಕ್ಕದಲ್ಲಿ ‘ಗಳಿಕೆ ರಜೆ’ ಎಂಬುದೊಂದಿದೆ. ದುಡಿದು ಗಳಿಸಿದ ಬಿಡುವೆಂಬ ಅರ್ಥ ಎಷ್ಟು ಸೊಗಸಾಗಿದೆ! ಆದರೆ ಅದೇ ಮನೆಯಲ್ಲಿ ಮೂವತ್ತು ವರ್ಷ ಒಲೆಯ ಮುಂದೆ ನಿಂತ ಗೃಹಿಣಿಯ ಹೆಸರಿನಲ್ಲಿ ಎಷ್ಟು ದಿನಗಳ ರಜೆ ಜಮೆಯಾಗಿದೆ? ಯಜಮಾನನು ಉತ್ಸಾಹದಿಂದ ಕುಂಚ ಹಿಡಿದ ವಾರದಲ್ಲಿ ಆಕೆಯ ಪಾಡನ್ನು ಗಮನಿಸಿರಿ. ಅಡುಗೆಮನೆಯ ಪಾತ್ರೆಗಳೆಲ್ಲ ಹಿತ್ತಲಿಗೆ ಬರುತ್ತವೆ. ಧೂಳಿನ ನಡುವೆಯೇ ಮೂರು ಹೊತ್ತಿನ ಅಡುಗೆ ನಡೆಯಬೇಕು. ಸುಣ್ಣ ಬಳಿದವನು ಕೈತೊಳೆದು ಜಗಲಿಯಲ್ಲಿ ಕುಳಿತ ಮೇಲೆ, ನೆಲಕ್ಕೆ ಚೆಲ್ಲಿದ ಸುಣ್ಣವನ್ನು ಕೆರೆದು ತೊಳೆಯುವವಳೂ ಆಕೆಯೇ. ಒಬ್ಬನ ರಜೆಯು ಇನ್ನೊಬ್ಬಳಿಗೆ ಇಮ್ಮಡಿ ದುಡಿಮೆಯಾದರೆ ಅದಕ್ಕೆ ಕಾಯಕವೆಂಬ ಹೆಸರು ಸಲ್ಲದು. ಅದು ಕೇವಲ ವಿನೋದ.

ಶರಣರ ದಾಂಪತ್ಯವು ಹೀಗಿರಲಿಲ್ಲ. ಆಯ್ದಕ್ಕಿ ಮಾರಯ್ಯನು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಂದು ದಿನ ಅಗತ್ಯಕ್ಕಿಂತ ಹೆಚ್ಚಾಗಿ ತಂದಾಗ ಲಕ್ಕಮ್ಮನು ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಅನುಭಾವಗೋಷ್ಠಿಯಲ್ಲಿ ಮೈಮರೆತ ಪತಿಗೆ ಕಾಯಕದ ಹೊತ್ತಾಯಿತೆಂದು ನೆನಪಿಸಿದವಳೂ ಅವಳೇ. ಈ ಕಥೆಯನ್ನು ನಾವು ನಿರ್ಲೋಭಕ್ಕೆ ನಿದರ್ಶನವಾಗಿ ಹೇಳುತ್ತ ಬಂದಿದ್ದೇವೆ. ಅದರಲ್ಲಿ ಇನ್ನೊಂದು ಅಂಶವೂ ಇದೆಯೆಂದು ನನಗೆ ತೋರುತ್ತದೆ: ಮನೆಗೆ ಎಷ್ಟು ಬೇಕು, ಎಷ್ಟು ಸಾಕು ಎಂಬ ನಿರ್ಣಯವು ಹೆಂಡತಿಯದಾಗಿತ್ತು, ಗಂಡನು ಅದನ್ನು ನಡೆಸಿದನು. ನಮ್ಮಲ್ಲಿ ಬಣ್ಣವನ್ನು ಆರಿಸುವವನು ಯಜಮಾನ, ಬೀದಿಗೆ ಕಾಣುವ ಮುಂಬಾಗಿಲಿಗೆ ಮೆರುಗು ಮೊದಲು. ಹೊಗೆಗಿಂಡಿಯಿಲ್ಲದ ಅಡುಗೆಮನೆಯೂ ಕೈಗೆಟುಕದ ಅಟ್ಟವೂ ಮುಂದಿನ ವರ್ಷಕ್ಕೆ ಉಳಿಯುತ್ತವೆ. ಕೆಲಸವನ್ನು ಎಲ್ಲಿಂದ ಆರಂಭಿಸಬೇಕೆಂದು ಆಕೆಯನ್ನು ಕೇಳುವುದು ಆ ವಾರದ ಮೊದಲನೆಯ ಕೆಲಸವಾಗಲಿ. ಆಕೆಯು ಕುಂಚ ಹಿಡಿಯಲಿ, ಗಂಡುಮಗನು ರೊಟ್ಟಿ ತಟ್ಟಲಿ. ಮೊದಲ ದಿನದ ರೊಟ್ಟಿ ಹರಿದರೆ ಹರಿಯಲಿ. ಮಕ್ಕಳಿಗೂ ಪಾಲಿರಬೇಕು. ಆದರೆ ಅರಳುತ್ತಿರುವ ಸುಣ್ಣದ ಬಳಿಗೆ ಅವರನ್ನು ಬಿಡಬಾರದು, ಅದು ಸಿಡಿದು ಕಣ್ಣಿಗೆ ಹಾನಿಮಾಡುತ್ತದೆ.

ನಮ್ಮ ಕೆಲಸವನ್ನು ನಾವೇ ಮಾಡಿಕೊಂಡರೆ ಕೂಲಿಯವನ ಅನ್ನವನ್ನು ಕಿತ್ತುಕೊಂಡಂತಾಗದೆ ಎಂದು ಕೇಳುವವರಿದ್ದಾರೆ. ಅವರ ಪ್ರಶ್ನೆ ಯೋಗ್ಯವಾದುದೇ. ಎತ್ತರದ ಗೋಡೆ, ವಿದ್ಯುತ್ತಿನ ತಂತಿ, ಬಿರುಕುಬಿಟ್ಟ ತೊಲೆ, ಇವು ಬಲ್ಲವರ ಕೈಗೇ ಸೇರತಕ್ಕವು. ಅವರಿಗೆ ಚೌಕಾಸಿ ಮಾಡದೆ ಅಂದಿನ ಕೂಲಿಯನ್ನು ಅಂದೇ ಕೊಟ್ಟು, ಮಧ್ಯಾಹ್ನ ಪಡಸಾಲೆಯಲ್ಲಿ ಮನೆಯವರ ಸಾಲಿನಲ್ಲಿಯೇ ಕೂರಿಸಿ ಬಡಿಸುವ ಮನೆಗಳು ನಮ್ಮ ಸೀಮೆಯಲ್ಲಿವೆ. ಹೊರಗಿನ ಜಗಲಿಯಲ್ಲಿ ಬೇರೆ ತಟ್ಟೆಯಿಟ್ಟು ಬಡಿಸುವ ಮನೆಗಳೂ ಇನ್ನೂ ಉಳಿದಿವೆ.