ಐದು ತೂಕ ಹೆಚ್ಚಿನ ಜೊತೆಗಾರ

ನವಜಾತ ಶಿಶುವಿನ ಹಿಮ್ಮಡಿಗೆ ಚುಚ್ಚಿ ತೆಗೆದ ರಕ್ತ ಫಿಲ್ಟರ್ ಕಾಗದದ ಮೇಲೆ ಒಣಗಿ ಕಂದು ಬೊಟ್ಟಾಗಿರುತ್ತದೆ. ಪ್ರಯೋಗಾಲಯದಲ್ಲಿ ಯಂತ್ರವೊಂದು ಅದರ ಬಾರ್‌ಕೋಡ್ ಓದುತ್ತದೆ. ಬೊಟ್ಟಿನಿಂದ ಸುಮಾರು 3 ಮಿಲಿಮೀಟರ್ ಅಗಲದ ಚೂರು ಕತ್ತರಿಸಿ 96 ಗುಳಿಗಳ ತಟ್ಟೆಗೆ ಬೀಳಿಸುತ್ತದೆ. ಮೆಥನಾಲ್ ಸುರಿಯುವುದು, ಅಲುಗಾಡಿಸುವುದು, ಹೀರಿ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಉಣಿಸುವುದು, ಎಲ್ಲವೂ ಯಂತ್ರಗಳದೇ ಕೆಲಸ. ಒಂದು ಮಗುವಿನ ಸರದಿ ಮುಗಿಯಲು ಎರಡು ಮೂರು ನಿಮಿಷ ಸಾಕು.

1960ರ ದಶಕದಲ್ಲಿ ಅಮೆರಿಕದ ರಾಬರ್ಟ್ ಗಥ್ರಿ ಇಂಥದೇ ಬೊಟ್ಟನ್ನು ಬ್ಯಾಕ್ಟೀರಿಯಾಗಳ ನಡುವೆ ಇಟ್ಟು ಫಿನೈಲ್‌ಕೀಟೋನ್ಯೂರಿಯ ಎಂಬ ಕಾಯಿಲೆಯನ್ನು ಪತ್ತೆ ಹಚ್ಚುತ್ತಿದ್ದರು. ಒಂದು ಪರೀಕ್ಷೆಗೆ ಒಂದು ಕಾಯಿಲೆ. 1990ರ ದಶಕದಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಡೇವಿಡ್ ಮಿಲ್ಲಿಂಗ್ಟನ್ ಮತ್ತು ಸಂಗಡಿಗರು ಅಣುಗಳನ್ನು ತೂಗಿ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿನ ದಾರಿ ಹಿಡಿದ ಮೇಲೆ ಒಂದೇ ಚೂರಿನಲ್ಲಿ ಹತ್ತಾರು ಕಾಯಿಲೆಗಳ ಸುಳಿವು ಸಿಗತೊಡಗಿತು.

ಇಷ್ಟೆಲ್ಲದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆ ಮೆಥನಾಲಿನಲ್ಲಿ ಮೊದಲೇ ಬೆರೆಸಿಟ್ಟ ಒಂದು ಅಣು. ಹುಡುಕಬೇಕಾದದ್ದು ಫಿನೈಲ್‌ಕೀಟೋನ್ಯೂರಿಯ ಇದ್ದರೆ ರಕ್ತದಲ್ಲಿ ಏರುವ ಫಿನೈಲ್‌ಅಲನೈನ್, ಬೆರೆಸಿದ್ದೂ ಫಿನೈಲ್‌ಅಲನೈನೇ. ಆದರೆ ಅದರ ಐದು ಹೈಡ್ರೋಜನ್‌ಗಳ ಜಾಗದಲ್ಲಿ ಹೈಡ್ರೋಜನ್ನಿನದೇ ಭಾರವಾದ ರೂಪ ಡ್ಯುಟೀರಿಯಂ ಕೂತಿದೆ. ಮಗುವಿನ ಅಣು ಯಂತ್ರದೊಳಗೆ 166 ತೂಗಿದರೆ ಇದು 171. ಗುಣದಲ್ಲಿ ಎರಡೂ ಅವಳಿ ಮಕ್ಕಳು. ಕಾಗದದಿಂದ ಹೊರಬಂದ ಕ್ಷಣದಿಂದ ಅವುಗಳ ಪಯಣ ಒಂದೇ: ಪಿಪೆಟ್ಟಿನ ಗೋಡೆಗೆ ಒಂದಷ್ಟು ಅಂಟಿ ಉಳಿಯುತ್ತದೆ, ವಿದ್ಯುತ್ ತುಂಬಿದ ತುಂತುರಿನಲ್ಲಿ ಬಹುಪಾಲು ದಾರಿ ತಪ್ಪುತ್ತದೆ, ರಕ್ತದ ಲವಣಗಳು ಮತ್ತಷ್ಟನ್ನು ಅದುಮುತ್ತವೆ. ಒಳಗೆ ಎರಡೂ ಒಡೆದು ತಲಾ 46 ತೂಕ ಕಳೆದುಕೊಂಡು 120 ಮತ್ತು 125 ಆಗುತ್ತವೆ. ಹೀಗೆ ಹೆಜ್ಜೆ ಹೆಜ್ಜೆಗೂ ಸೋರಿಹೋಗಿಯೂ, ಒಂದಕ್ಕೆ ಇನ್ನೊಂದರ ಅನುಪಾತ ಹೆಚ್ಚುಕಡಿಮೆ ಹಾಗೆಯೇ ಉಳಿದಿರುತ್ತದೆ. ಬೆರೆಸಿದ್ದು ಎಷ್ಟೆಂದು ಗೊತ್ತಿರುವುದರಿಂದ ಮಗುವಿನದೆಷ್ಟೆಂದು ತಿಳಿಯುತ್ತದೆ.

ಯಂತ್ರದ ಕೈಗೆ ಈ ಕೆಲಸ ಒಪ್ಪಿಸುವ ಧೈರ್ಯ ಬಂದದ್ದು ಬಹುಮಟ್ಟಿಗೆ ಇದರಿಂದಲೇ ಎಂದು ನನ್ನ ನಂಬಿಕೆ. ಒಂದು ಹನಿಯೂ ಚೆಲ್ಲದಂತೆ ಯಾರೂ ಅಳೆಯಲಾರರು, ಪಳಗಿದ ಕೈಯೂ ಅಷ್ಟೇ, ಲೋಹದ ತೋಳೂ ಅಷ್ಟೇ. ಚೆಲ್ಲಿದ್ದನ್ನೂ ಲೆಕ್ಕಕ್ಕೆ ತರುವ ಉಪಾಯ ಹೊಳೆದದ್ದು ಎಂಥ ಸೊಗಸು!

ಇದರ ಬೇರು ಹುಡುಕಿದರೆ ಬೆರಗು ಇನ್ನೂ ಹಿಗ್ಗುತ್ತದೆ. 1913ರ ಹೊತ್ತಿಗೆ ಕೇಂಬ್ರಿಜ್‌ನಲ್ಲಿ ಜೆ. ಜೆ. ಥಾಮ್ಸನ್ ಅವರಿಗೆ ನಿಯಾನ್ ಅನಿಲ ಒಂದರ ಬದಲು ಎರಡು ಗೆರೆ ಮೂಡಿಸಿತ್ತು, 20 ಮತ್ತು 22. ಒಂದೇ ಧಾತುವಿಗೆ ಎರಡು ತೂಕವಿರಬಹುದೇ ಎಂಬ ಆ ಪ್ರಶ್ನೆಯ ಬೆನ್ನು ಹತ್ತಿ ಅವರ ಶಿಷ್ಯ ಆಸ್ಟನ್ ಮಾಸ್ ಸ್ಪೆಕ್ಟ್ರೋಗ್ರಾಫ್ ಕಟ್ಟಿದರು. ಅವರಿಬ್ಬರ ಮುಂದೆ ಯಾವ ಕೂಸಿನ ರಕ್ತವೂ ಇರಲಿಲ್ಲ. ಇದ್ದದ್ದು ತಿಳಿಯುವ ಹಂಬಲ ಮಾತ್ರ.

ಮತ್ತೆ ಇಂದಿನ ಬೊಟ್ಟಿಗೆ ಬಂದರೆ, ಅಂಕಿ ಏರಿದ್ದೆಲ್ಲ ಕಾಯಿಲೆಯಲ್ಲ. ಅವಧಿಗೆ ಮುನ್ನ ಹುಟ್ಟಿ ರಕ್ತನಾಳದ ಮೂಲಕವೇ ಪೋಷಣೆ ಪಡೆಯುವ ಮಗುವಿನಲ್ಲೂ ಫಿನೈಲ್‌ಅಲನೈನ್ ಏರಬಹುದು. ಅದಕ್ಕೇ ಅದೇ ಚೂರಿನಲ್ಲಿರುವ ಟೈರೋಸಿನ್ ಎಂಬ ಇನ್ನೊಂದು ಅಣುವಿನ ಜೊತೆಗಿನ ಅನುಪಾತವನ್ನೂ ನೋಡುತ್ತಾರೆ, ಸಂದೇಹವಿದ್ದರೆ ಮತ್ತೆ ರಕ್ತ ತರಿಸುತ್ತಾರೆ. ಕಾಯಿಲೆ ಖಚಿತವಾದರೆ ಮೊದಲ ವಾರಗಳಲ್ಲೇ ಆಹಾರ ಬದಲಿಸಿ, ಅದನ್ನು ಮುಂದೆಯೂ ಪಾಲಿಸಿದರೆ, ಬುದ್ಧಿ ಕುಂಠಿತವಾಗಬಹುದಾಗಿದ್ದ ಆ ಮಗು ಓರಗೆಯವರೊಂದಿಗೆ ಅಕ್ಷರ ಕಲಿಯುತ್ತದೆ.