ಗಾಳ ಬೇಡ, ಪಾಸ್ ಕೊಡಿ

ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 18:1–3

 

ನಿಮಗೆ ಒಂದು ಪ್ರಶ್ನೆ. ನೀವು ಕೆಲಸ ಮಾಡೋ ಜಾಗದಲ್ಲಿ ನಿಮಗೆ ಸ್ನೇಹಿತರಿದ್ದಾರಾ? ಕಲೀಗ್ಸ್ ಅಲ್ಲ, ಸ್ನೇಹಿತರು. ಯಾರೂ ಕೈ ಎತ್ತಬೇಡಿ, ಮನಸ್ಸಲ್ಲೇ ಉತ್ತರ ಕೊಡಿ.

ನನಗೆ ಇರಲಿಲ್ಲ. ವಾರದ ಆರು ದಿನ ನಾನು ಹುಣಸೂರಿನಿಂದ ಬಸ್ ಹತ್ತಿ ಮೈಸೂರಿಗೆ ಕೆಲಸಕ್ಕೆ ಹೋಗ್ತಿದ್ದೆ. ಮಧ್ಯಾಹ್ನ ಒಬ್ಬನೇ ಡಬ್ಬಿ ಬಿಚ್ಚಿ ಊಟ ಮಾಡ್ತಿದ್ದೆ. ಅವರು ಲೋಕದವರು, ನಾನು ಪ್ರತ್ಯೇಕಿಸಲ್ಪಟ್ಟವನು ಅಂದುಕೊಂಡಿದ್ದೆ. ಅದನ್ನು ಪರಿಶುದ್ಧತೆ ಅಂತ ಕರೀತಿದ್ದೆ. ನಿಜ ಹೇಳಬೇಕಂದ್ರೆ ಅದರಲ್ಲಿ ಅರ್ಧ ಸಂಕೋಚ, ಅರ್ಧ ಅಹಂಕಾರ.

2022ರ ಡಿಸೆಂಬರ್ 18, ಭಾನುವಾರ. ಸಂಜೆ ಆರಾಧನೆ ಮುಗಿಸಿ ಮನೆಗೆ ಬಂದು ವರ್ಲ್ಡ್ ಕಪ್ ಫೈನಲ್ ನೋಡಿದೆ. ಅರ್ಜೆಂಟೀನಾ ಎರಡು ಗೋಲಿನಿಂದ ಮುಂದಿತ್ತು. 80ನೇ ನಿಮಿಷದ ಹೊತ್ತಿಗೆ ಎಂಬಾಪೆ ಎದ್ದ, ಎರಡು ನಿಮಿಷದೊಳಗೆ ಎರಡು ಗೋಲು! ಕೊನೆಗೆ 3–3, ಪೆನಾಲ್ಟಿಯಲ್ಲಿ ಅರ್ಜೆಂಟೀನಾಗೆ 4–2. ಸೋಮವಾರ ಕ್ಯಾಂಟೀನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ತಡೀಲಾರದೆ ನಾನೂ ಬಾಯಿ ಹಾಕಿದೆ. ಎದುರಿಗೆ ಕೂತಿದ್ದ ಒಬ್ಬ ಹುಡುಗ ತನ್ನ ತಟ್ಟೆ ಎತ್ತಿಕೊಂಡು ನನ್ನ ಪಕ್ಕ ಬಂದು ಕೂತ. ಅವನು ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯವನು. 1960ರ ದಶಕದ ಆರಂಭದಲ್ಲಿ ಊರು ಕಳಕೊಂಡು ಬಂದು ಅಲ್ಲಿ ನೆಲೆಸಿದ ಟಿಬೆಟನ್ನರ ಮೊಮ್ಮಗ. ಅಲ್ಲಿನ ಹುಡುಗರಿಗೆ ಫುಟ್‌ಬಾಲ್ ಅಂದ್ರೆ ಪ್ರಾಣ. ಶನಿವಾರ ಸಂಜೆ ನಾವು ಏಳೆಂಟು ಜನ ಆಡೋಕೆ ಶುರು ಮಾಡಿದ್ವಿ.

ಈಗ ನನ್ನ ತಪ್ಪು ಕೇಳಿ. ಎರಡನೇ ವಾರವೇ ಬೂಟಿನ ಲೇಸ್ ಬಿಚ್ಚುತ್ತಾ ಅವನ ಕೈಗೆ ನಮ್ಮ ಕೂಟದ ಕರಪತ್ರ ಕೊಟ್ಟೆ. ಅವನು ಓದಿ, ಮಡಚಿ, ನನ್ನ ಮುಖ ನೋಡಿ ಕೇಳಿದ: "ಗುರು, ನನ್ನ ಜೊತೆ ಆಡ್ತಿದ್ದದ್ದು ಇದಕ್ಕೇನಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಶನಿವಾರ ಅವನು ಬರಲಿಲ್ಲ.

ಆ ರಾತ್ರಿ ಕರ್ತನು ನನ್ನನ್ನು ಈ ವಾಕ್ಯಭಾಗಕ್ಕೆ ತಂದನು. ಪೌಲನು ಕೊರಿಂಥಕ್ಕೆ ಬರ್ತಾನೆ. ಅಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಅನ್ನೋ ದಂಪತಿ. ಕ್ಲೌದ್ಯ ಚಕ್ರವರ್ತಿಯ ಆಜ್ಞೆಯಿಂದ ರೋಮ್ ಬಿಟ್ಟು ಬಂದವರು. ಪೌಲನು ಅವರ ಮನೆಯಲ್ಲಿ ಯಾಕೆ ಉಳಿದ? ವಚನ ಕೊಡೋ ಕಾರಣ ನೋಡಿ: ಅವರ ಕಸುಬು ಒಂದೇ, ಗುಡಾರ ಮಾಡೋದು. ಅಷ್ಟೇ! ಕೈಯಲ್ಲಿ ಸೂಜಿ, ಒಂದೇ ಕೆಲಸ, ಒಂದೇ ಬೆವರು. ಅಲ್ಲಿಂದ ಬೆಳೆದ ಸ್ನೇಹ ಎಲ್ಲಿಗೆ ಹೋಯ್ತು? ರೋಮಾಪುರದವರಿಗೆ ಬರೆಯುವಾಗ 16ನೇ ಅಧ್ಯಾಯದಲ್ಲಿ ಪೌಲನು ಹೇಳ್ತಾನೆ, ಇವರು ನನಗಾಗಿ ಜೀವವನ್ನೇ ಒಡ್ಡಿದರು ಅಂತ. ಹಲ್ಲೆಲೂಯ!

ನಮ್ಮ ಕರ್ತನಿಗೇ ಜನ ಇಟ್ಟ ಹೆಸರೇನು? ಸುಂಕದವರ, ಪಾಪಿಗಳ ಗೆಳೆಯ. ಬೈಯೋಕೆ ಇಟ್ಟ ಹೆಸರು ಅದು. ಆತನು ಅವರ ಮನೆಯಲ್ಲಿ ಊಟಕ್ಕೆ ಕೂತಾಗ ಅವರನ್ನು ನಿಜವಾಗಿ ಪ್ರೀತಿಸಿದನು. ಸ್ನೇಹ ಅನ್ನೋದು ಗಾಳಕ್ಕೆ ಸಿಕ್ಕಿಸೋ ಎರೆಹುಳ ಅಲ್ಲ, ಪ್ರಿಯರೇ. ಮೈದಾನದಲ್ಲಿ ಪಾಸ್ ಕೊಡುವಾಗ ವಾಪಸ್ ಬರುತ್ತಾ ಅಂತ ಲೆಕ್ಕ ಹಾಕ್ತೀರಾ? ಇಲ್ಲ. ಅವನಿಗೆ ಒಳ್ಳೇದಾಗಲಿ ಅಂತ ಕೊಡ್ತೀರಿ.

ಸೋಮವಾರ ಹೋಗಿ ಅವನ ಹತ್ತಿರ ಕ್ಷಮೆ ಕೇಳಿದೆ. "ಸರಿ ಬಿಡು ಗುರು, ಶನಿವಾರ ಗೋಲ್ ಕೀಪರ್ ನೀನೇ" ಅಂದ.

ಮರುವರ್ಷ ನನ್ನ ತಾಯಿಗೆ ಆಪರೇಷನ್. ರಕ್ತ ಬೇಕಾಯ್ತು. ಮೊದಲು ಬಂದು ಕೈ ಚಾಚಿದವನು ಅವನೇ, ಆಟದ ಜರ್ಸಿಯಲ್ಲೇ. ಕೊಟ್ಟು ಬಂದು ಹೇಳಿದ: "ಅಮ್ಮನಿಗೋಸ್ಕರ ನಿನ್ನ ರೀತೀಲಿ ಪ್ರಾರ್ಥನೆ ಮಾಡು, ನಾನು ಪಕ್ಕದಲ್ಲಿ ನಿಂತಿರ್ತೀನಿ." ಸಮಾರ್ಯದವನ ಸಾಮ್ಯವನ್ನು ಎಷ್ಟು ಸಲ ಬೋಧಿಸಿದ್ದೆ ನಾನು! ಅವತ್ತು ದಾರಿಯಲ್ಲಿ ಬಿದ್ದವನು ನಾನೇ ಆಗಿದ್ದೆ.

ಅವನು ನಮ್ಮ ಸಭೆಗೆ ಬಂದನಾ ಅಂತ ಕೇಳ್ತೀರಿ. ಇಲ್ಲ, ಬಂದಿಲ್ಲ. ನಾನು ಯಾರನ್ನು ನಂಬಿದ್ದೇನೆ ಅಂತ ಅವನಿಗೆ ಚೆನ್ನಾಗಿ ಗೊತ್ತು, ನಾನು ಮುಚ್ಚಿಟ್ಟಿಲ್ಲ. ಕೇಳಿದಾಗ ಹೇಳ್ತೀನಿ. ಅವನ ಹೆಸರು ಹಿಡಿದು ದಿನಾ ಪ್ರಾರ್ಥಿಸ್ತೀನಿ. ಆದರೆ ನನ್ನ ಪ್ರೀತಿಗೆ ಅವನ ಉತ್ತರ ಷರತ್ತಲ್ಲ.

ಒಂದು ಎಚ್ಚರಿಕೆ. ಯಾಕೋಬನು ಲೋಕಸ್ನೇಹದ ಬಗ್ಗೆ ಬರೆದದ್ದು ಸುಳ್ಳಲ್ಲ. ಮ್ಯಾಚ್ ಮುಗಿದ ಮೇಲೆ ಬಾಟಲಿ ಬಂದರೆ ಎದ್ದು ಬನ್ನಿ. ಬೆಟ್ಟಿಂಗ್ ಆ್ಯಪ್ ಮೊಬೈಲಲ್ಲಿದ್ದರೆ ಇವತ್ತೇ ತೆಗೆದುಹಾಕಿ. ಆದರೆ ಪಾಪವನ್ನು ಬಿಡಿ, ಮನುಷ್ಯರನ್ನು ಬಿಡಬೇಡಿ. ಆಮೆನ್ ಹೇಳಿ!

ನಾಳೆ ಮಧ್ಯಾಹ್ನ ನಿಮ್ಮ ಡಬ್ಬಿ ತಗೊಂಡು ಒಬ್ಬರ ಪಕ್ಕ ಹೋಗಿ ಕೂತುಕೊಳ್ಳಿ. ಅಷ್ಟು ಸಾಕು.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಾವು ನಿನಗೆ ವೈರಿಗಳಾಗಿದ್ದಾಗಲೇ ನೀನು ನಮ್ಮನ್ನು ಪ್ರೀತಿಸಿದಿ. ಒಂಟಿಯಾಗಿ ಊಟ ಮಾಡುವ ನಿನ್ನ ಮಕ್ಕಳಿಗೆ ಸ್ನೇಹಿತರನ್ನು ಕೊಡು. ಕಪಟವಿಲ್ಲದ ಪ್ರೀತಿಯನ್ನು ನಮ್ಮಲ್ಲಿ ತುಂಬಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.